ಹೆಸರಿಲ್ಲದ ಬಟನ್‌ಗಳು

ಸಿದ್ದಾಪುರ, ಕಾರಟಗಿ, ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಯಲಿನಲ್ಲಿ ಈಗ ನೆಲ್ಲಿನ ರೇಟು, ಲಾರಿ ಬಂದ ಸುದ್ದಿ, ಕಾಲುವೆಗೆ ನೀರು ಬಿಡುವ ದಿನ ಎಲ್ಲವೂ ಚಾಟ್ ಗುಂಪುಗಳಲ್ಲೇ ಓಡಾಡುತ್ತವೆ. ರೈಸ್ ಮಿಲ್ಲಿನ ಆಫೀಸಿನಲ್ಲಿ, ಗೊಬ್ಬರದಂಗಡಿಯಲ್ಲಿ ಕಂಪ್ಯೂಟರಿನ ಮೇಲೆ ಗುಂಪು ತೆರೆದೇ ಇರುತ್ತದೆ. ಆ ಕಂಪ್ಯೂಟರಿನ ಮುಂದೆ ಕಣ್ಣು ಕಾಣದವರೊಬ್ಬರು ಕೂತು ಲೆಕ್ಕ ಬರೆಯಬಹುದು, ಗಿರಾಕಿಗೆ ಉತ್ತರ ಕೊಡಬಹುದು ಎಂದರೆ ನಂಬುವವರು ಕಡಿಮೆ.

‘ಅದಕ್ಕೆ ಬೇರೆ ಯಂತ್ರ ಬೇಕು, ದುಬಾರಿ’ ಎಂಬುದು ಮೊದಲ ತಪ್ಪು ಕಲ್ಪನೆ. ಸಾಮಾನ್ಯ ವಿಂಡೋಸ್ ಕಂಪ್ಯೂಟರೇ ಸಾಕು. ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು 2006ರಲ್ಲಿ ಬರೆಯಲು ತೊಡಗಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರೂ ಅಂಧರೇ. ಅದು ಪೂರ್ತಿ ಉಚಿತ. ಅದರೊಂದಿಗೇ ಬರುವ ಇ-ಸ್ಪೀಕ್ ಎಂಬ ದನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ ಹೌದು, ಆದರೆ ರೂಢಿಯಾದವರು ಅದನ್ನು ನಾವು ಮಾತಾಡುವುದಕ್ಕಿಂತ ಎಷ್ಟೋ ವೇಗವಾಗಿ ಓಡಿಸಿ ಕೇಳುತ್ತಾರೆ. ಮೌಸ್ ಅವರಿಗೆ ಬೇಕಿಲ್ಲ, ಎಲ್ಲ ಕೆಲಸವೂ ಕೀಲಿಮಣೆಯಲ್ಲೇ.

ಎರಡನೆಯ ಕಲ್ಪನೆ ಇನ್ನೂ ಗಟ್ಟಿಯಾಗಿ ಬೇರೂರಿದೆ, ಆ್ಯಪ್ ಬರೆಯುವವರಲ್ಲೂ ಇದೆ: ‘ರೀಡರ್ ಚೆನ್ನಾಗಿದ್ದರೆ ಪರದೆ ಮೇಲಿರುವುದನ್ನೆಲ್ಲ ಓದುತ್ತದೆ, ಓದದಿದ್ದರೆ ಅದರ ದೋಷ.’ ನಿಜವೆಂದರೆ ರೀಡರ್ ಸಾಮಾನ್ಯವಾಗಿ ಪರದೆಯ ಚಿತ್ರವನ್ನು ನೋಡುವುದೇ ಇಲ್ಲ. ಅದು ಆಪರೇಟಿಂಗ್ ಸಿಸ್ಟಮ್ ಮೂಲಕ ಆ್ಯಪನ್ನೇ ಕೇಳುತ್ತದೆ: ಫೋಕಸ್ (ಕೀಲಿ ಒತ್ತಿದರೆ ಕೆಲಸ ನಡೆಯುವ ಜಾಗ) ಎಲ್ಲಿದೆ, ಅಲ್ಲಿರುವುದು ಬಟನ್ನೋ ಬರೆಯುವ ಜಾಗವೋ, ಅದರ ಹೆಸರೇನು? ಆ್ಯಪ್ ಏನು ಹೇಳಿತೋ ಅದೇ ಕಿವಿಗೆ ಬೀಳುವುದು. ಸಂದೇಶ ಬರೆಯುವ ಪೆಟ್ಟಿಗೆಯ ಪಕ್ಕದ ಬಾಣದ ಗುರುತಿಗೆ ‘ಕಳಿಸು’ ಎಂಬ ಹೆಸರನ್ನು ಕೋಡ್‌ನಲ್ಲಿ ಕೊಡದಿದ್ದರೆ ಕೇಳಿಸುವುದು ಬರೀ ‘ಬಟನ್’. ಟ್ಯಾಬ್ ಒತ್ತಿದರೆ ಫೈಲ್ ಸೇರಿಸುವುದೂ ‘ಬಟನ್’, ದನಿ ಮುದ್ರಿಸುವುದೂ ‘ಬಟನ್’. ಅರ್ಧ ಟೈಪ್ ಮಾಡಿದ ರೇಟು ಇಡೀ ಗುಂಪಿಗೆ ಹೋಗಿಬಿಡುವ ಅಪಾಯ ಯಾವ ಬಟನ್‌ನಲ್ಲಿದೆಯೆಂದು ಅವರಿಗೆ ತಿಳಿಯುವುದು ಹೇಗೆ? ಎಲ್ಲವನ್ನೂ ತಾನೇ ಚಿತ್ರದಂತೆ ಬಿಡಿಸಿ ತೋರಿಸುವ ಆ್ಯಪ್‌ಗಳಲ್ಲಿ ಅಷ್ಟೂ ಕೇಳಿಸದು. ಟೆಲಿಗ್ರಾಂ ಡೆಸ್ಕ್‌ಟಾಪ್ ಬಹುಕಾಲ ಹಾಗಿದ್ದುದರಿಂದ ಅಂಧ ಬಳಕೆದಾರರು ಯುನಿಗ್ರಾಂ ಎಂಬ ಇನ್ನೊಂದು ಆ್ಯಪನ್ನು ಹಿಡಿದರು.

ಸಂದೇಶಗಳ ಪಟ್ಟಿಯಲ್ಲೂ ಇದೇ ತೊಡಕು. ಕಂಪ್ಯೂಟರಿನ ಮೆಮೊರಿ ಉಳಿಸಲು ಹಲವು ಆ್ಯಪ್‌ಗಳು ಪರದೆಗೆ ಹಿಡಿಸುವಷ್ಟು ಸಂದೇಶಗಳನ್ನಷ್ಟೇ ಇಟ್ಟುಕೊಳ್ಳುತ್ತವೆ. ಮೇಲೆ ಇನ್ನೂ ಇವೆ ಎಂದು ರೀಡರಿಗೆ ತಿಳಿಸದಿದ್ದರೆ, ಬೆಳಗಿನ ರೇಟು ಹುಡುಕುವವರಿಗೆ ಪಟ್ಟಿ ಅಲ್ಲೇ ಮುಗಿದಂತೆ. ಓದಿದ್ದಾರೆಂಬ ಗುರುತು ಬರೀ ಬಣ್ಣದಲ್ಲಿದ್ದರೆ ಅದೂ ಇಲ್ಲದಂತೆಯೇ.

ಇಷ್ಟು ಅರಿತವರು ಮತ್ತೊಂದು ಅತಿಗೆ ಹೋಗುತ್ತಾರೆ. ಹೊಸ ಸಂದೇಶ ಬಂದಾಗಲೆಲ್ಲ ಜೋರಾಗಿ ಓದಿಸಿದರೆ ಉಪಕಾರವೆಂದು ಭಾವಿಸುತ್ತಾರೆ. ಉತ್ತರ ಟೈಪ್ ಮಾಡುವಾಗ ಇಪ್ಪತ್ತು ‘ಶುಭ ಮುಂಜಾನೆ’ಗಳು ನಡುವೆ ನುಗ್ಗಿದರೆ ಬರೆಯುತ್ತಿದ್ದ ಸಾಲೇ ಕೇಳಿಸುವುದಿಲ್ಲ. ನಡೆಯುತ್ತಿರುವ ಮಾತು ಮುಗಿದ ಮೇಲೆ ಸಂದೇಶ ಕೇಳಿಸಬೇಕು, ಗುಂಪನ್ನು ಸುಮ್ಮನಾಗಿಸುವ ಆಯ್ಕೆ ಇರಬೇಕು, ಕೊನೆಯ ಸಂದೇಶವನ್ನು ಮತ್ತೆ ಕೇಳಲು ಒಂದು ಕೀಲಿ ಸಾಕು. ಫೋಕಸ್ ಮಾತ್ರ ಬರೆಯುವ ಪೆಟ್ಟಿಗೆಯಿಂದ ಕದಲಬಾರದು. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗೆ 2018ರಲ್ಲಿ ಸೇರಿದ ನಿಯಮವೊಂದರ ತಿರುಳೂ ಇದೇ: ಫೋಕಸ್ ಕದಲಿಸದೆ ಸುದ್ದಿ ಮುಟ್ಟಿಸು.

‘ಕನ್ನಡ ಓದುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ನಾವು ಕಳಿಸುವ ರೀತಿ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ರೀಡರ್ ಅದನ್ನೇ ಒದರುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಗೋಳಿಲ್ಲ. ಪಂಚಾಯಿತಿ ನೋಟಿಸನ್ನು ಫೋಟೊ ಹೊಡೆದು ಗುಂಪಿಗೆ ಹಾಕುವವರು ಅದರ ಕೆಳಗೆ ವಿಷಯ, ದಿನ, ಜಾಗವನ್ನು ಒಂದು ಸಾಲಿನಲ್ಲಿ ಟೈಪ್ ಮಾಡಬೇಕು. ದಯವಿಟ್ಟು ಮಾಡಿ.

ಅಂಧರಿಗೆ ಇಷ್ಟು ಅನುಕೂಲ ಮಾಡುವುದನ್ನು ದಾನಧರ್ಮ ಎಂದುಕೊಳ್ಳುವುದೂ ತಪ್ಪು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ದೃಷ್ಟಿ ಅಂಗವೈಕಲ್ಯ ಇರುವವರು ಸುಮಾರು 2.64 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆ. ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಇನ್ನು ‘ನಮ್ಮ ಆ್ಯಪ್ ತಪಾಸಣೆಯಲ್ಲಿ ಪಾಸಾಗಿದೆ’ ಎನ್ನುವವರಿಗೆ ಒಂದು ಮಾತು. ತಪಾಸಣೆಯ ತಂತ್ರಾಂಶ ಬಟನ್‌ಗೆ ಹೆಸರಿದೆಯೇ ಎಂದು ಹೇಳಬಲ್ಲದು. ‘ಬಟನ್ 7’ ಎಂಬ ಹೆಸರಿನಿಂದ ಏನೂ ತಿಳಿಯದೆಂದು ಹೇಳಲಾರದು. ಮಾನಿಟರ್ ಆರಿಸಿ, ಮೌಸ್ ಕಿತ್ತಿಟ್ಟು, ಎನ್‌ವಿಡಿಎ ಹಚ್ಚಿ, ಹಿಂದಿನ ನಾಲ್ಕನೆಯ ಸಂದೇಶಕ್ಕೆ ಉತ್ತರ ಬರೆದು ನೋಡಿ. ಆಮೇಲೆ ದಿನವೂ ರೀಡರ್ ಬಳಸುವ ಒಬ್ಬರನ್ನು ಕರೆದು, ಕೂಲಿ ಕೊಟ್ಟು, ಅದೇ ಕೆಲಸ ಮಾಡಿಸಿ. ಅವರು ಎಡವಿದ ಜಾಗಗಳನ್ನೇ ಮೊದಲು ಸರಿಪಡಿಸಿ.