ಮರ್ಫಾ: ಕಡಲು ದಾಟಿ ಬಂದ ತಾಳ

ಹೈದರಾಬಾದಿನ ಮದುವೆಯ ಮೆರವಣಿಗೆಗಳಲ್ಲಿ ಮರ್ಫಾದ ಸದ್ದನ್ನು ನಾವು ಕೇಳಿಯೇ ಇದ್ದೇವೆ. ಅದು ಎಲ್ಲಿಂದ ಬಂದಿತೆಂದು ವಿಚಾರಿಸಿದವರು ವಿರಳ.

ನಿಜಾಮರ ಸೈನ್ಯದಲ್ಲಿ ಆಫ್ರಿಕಾ ಮೂಲದ ಸಿದ್ದಿಗಳ ಕುದುರೆ ಪಡೆಯೊಂದಿತ್ತು; ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’ ಎಂದು ಅದರ ಹೆಸರು. ಇಂದಿನ ಎ. ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರೇ ಉಳಿದಿದೆ. ಯೆಮೆನಿನ ಹದ್ರಮೌತ್ ಪ್ರಾಂತದಿಂದ ಬಂದ ಅರಬ್ ಸಿಪಾಯಿಗಳು ಬಾರ್ಕಸಿನಲ್ಲಿ ನೆಲೆಸಿದರು. ಈ ಎರಡು ಜನಗಳ ತಾಳಗಳಿಂದ ಮರ್ಫಾ ಬೆಳೆಯಿತು. ದಫ್, ಡೋಲು, ಲೋಹದ ಕೊಡ, ಕೋಲು ಇದರ ಸಾಧನಗಳು. ಹಾಡಿಗಿಂತ ಬಡಿತಕ್ಕೇ ಪ್ರಾಧಾನ್ಯ. 1948ರ ಪೊಲೀಸ್ ಕಾರ್ಯಾಚರಣೆಯ ತರುವಾಯ ನಿಜಾಮರ ಸೈನ್ಯ ಚದುರಿತು. ನೌಕರಿ ಹೋದ ಸಿದ್ದಿ ಮನೆತನಗಳಲ್ಲಿ ಹಲವಕ್ಕೆ ಈ ವಾದ್ಯವೇ ಅನ್ನವಾಯಿತು. ಇಂದು ಹಿಂದೂ ಮುಸಲ್ಮಾನರೆನ್ನದೆ ಎಲ್ಲರ ಮದುವೆಗಳಿಗೂ ಅದು ಸಲ್ಲುತ್ತದೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳು ಬಾರಿಸುವ ಡಮಾಮಿಯೂ ಇದೇ ಬಳಗದ್ದು. ಅತ್ತ ಜಮೈಕಾಕ್ಕೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ವಂಶಜರು ರೆಗೇ ಸಂಗೀತವನ್ನು ಕಟ್ಟಿದರು. 1970ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಕಿಂಗ್ ಟಬ್ಬಿ ಮೊದಲಾದ ಧ್ವನಿ ತಂತ್ರಜ್ಞರು ಮುದ್ರಿತ ಹಾಡಿನಲ್ಲಿ ಗಾಯಕನ ದನಿಯನ್ನು ತೆಗೆದು, ಡ್ರಮ್ಮನ್ನೂ ಬಾಸ್ ಗಿಟಾರನ್ನೂ ಮುಂದೆ ತಂದು, ಮಾರ್ದನಿ ಬೆರೆಸಿ ‘ಡಬ್’ ರೂಪಿಸಿದರು. ಇಂದಿನ ರಿಮಿಕ್ಸ್‌ಗೆ ಅದೂ ಒಂದು ಮೂಲ. 2018ರಲ್ಲಿ ಯುನೆಸ್ಕೋ ರೆಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿಪರ್ಯಾಸವೆಂದರೆ, ಆ ರಿಮಿಕ್ಸ್ ನುಡಿಸುವ ಡಿ.ಜೆ. ಪೆಟ್ಟಿಗೆಗಳೇ ಇಲ್ಲಿ ಮರ್ಫಾದವರ ಕರೆಯನ್ನು ಕಡಿಮೆ ಮಾಡುತ್ತಿವೆ. ಯಂತ್ರವನ್ನು ನಾವು ಹಳಿಯುವುದಿಲ್ಲ. ಮನೆಯ ಮಂಗಳಕಾರ್ಯಕ್ಕೆ ಒಮ್ಮೆ ಮರ್ಫಾದವರನ್ನು ಕರೆಯಿಸಿರೆಂದಷ್ಟೇ ವಾಚಕರಲ್ಲಿ ನಮ್ಮ ಬಿನ್ನಹ.