ಉಳಿಸಿದ ಹಣವೆಲ್ಲ ಗಳಿಸಿದ ಹಣವೇ?

‘ಉಳಿಸಿದ ಹಣವೇ ಗಳಿಸಿದ ಹಣ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಈ ಲೆಕ್ಕದಲ್ಲಿ ಸಮಯದ ಬೆಲೆ ಬಿಟ್ಟುಹೋಗಿದೆ.

ಒಂದು ಉದಾಹರಣೆ: ಖಾನಾಪುರದವರೊಬ್ಬರು 200 ರೂಪಾಯಿ ಉಳಿಯುತ್ತದೆಂದು ಬೈಕ್ ರಿಪೇರಿಗೆ ಬೆಳಗಾವಿಯ ಆಟೋ ನಗರಕ್ಕೆ ಬಂದರು ಎಂದುಕೊಳ್ಳಿ. ಪೆಟ್ರೋಲಿಗೆ 100 ರೂಪಾಯಿ ಖರ್ಚು. ಗ್ಯಾರೇಜಿನಲ್ಲಿ ಕಾಯುತ್ತಾ ಅರ್ಧ ದಿನದ ಕೂಲಿ 300 ರೂಪಾಯಿಯೂ ಹೋಯಿತು. ಅಲ್ಲಿಗೆ ಉಳಿತಾಯದ ಬದಲು 200 ರೂಪಾಯಿ ನಷ್ಟ. ಬೇರೆ ಕೆಲಸಕ್ಕೆ ಬೆಳಗಾವಿಗೆ ಬಂದಾಗಲೇ ರಿಪೇರಿಗೆ ಬಿಟ್ಟರೆ ಲಾಭ.

ಸಮಯ ಉಳಿಸಲು ಖರ್ಚು ಮಾಡಿದರೆ ನೆಮ್ಮದಿ ಹೆಚ್ಚುತ್ತದೆಯೇ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆನಡಾದ ವ್ಯಾಂಕೂವರ್‌ನ 60 ಉದ್ಯೋಗಸ್ಥರಿಗೆ ಎರಡು ವಾರಾಂತ್ಯಗಳಲ್ಲಿ ತಲಾ 40 ಡಾಲರ್ ಕೊಟ್ಟರು. ಒಮ್ಮೆ ಅದನ್ನು ಸಮಯ ಉಳಿಸುವ ಸೇವೆಗೆ, ಇನ್ನೊಮ್ಮೆ ವಸ್ತು ಕೊಳ್ಳಲು ಬಳಸಬೇಕಿತ್ತು. ಸಮಯ ಉಳಿಸಿಕೊಂಡಾಗಲೇ ಅವರು ಹೆಚ್ಚು ಖುಷಿಯಾಗಿದ್ದರು. ಹಾಗೆಂದು ಸಾಲ ಮಾಡಿ ಖರ್ಚು ಮಾಡಿ ಎಂದಲ್ಲ. ಅದು ಅವರ ಕೈಯಿಂದ ಹೋದ ಹಣವೂ ಅಲ್ಲ.

ಗ್ಯಾರೇಜಿನವರ ಸಮಯಕ್ಕೂ ಬೆಲೆ ಇದೆ. ಉದ್ರಿ ಹೇಳಿ ತಿಂಗಳುಗಟ್ಟಲೆ ಸತಾಯಿಸಿದರೆ, ಬಿಡಿಭಾಗ ತರಲು, ಕೆಲಸದ ಹುಡುಗರಿಗೆ ಪಗಾರ ಕೊಡಲು ಅವರು ಬಡ್ಡಿಗೆ ಸಾಲ ತರಬೇಕಾಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಗಳಿಗೆ ಹಣ ಕೊಡಲು ಒಪ್ಪಂದದಲ್ಲೂ 45 ದಿನ ಮೀರಿದ ಗಡುವು ಇಡುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ ಕೊಡಬೇಕು.

ಆ ಮೆಸೇಜ್ ಮುಂದೆ ಕಳಿಸುವುದಾದರೆ ಒಂದು ಸಾಲು ಸೇರಿಸಿ: ಉಳಿದ ಹಣದಲ್ಲಿ ನಿಮ್ಮ ಸಮಯದ ಬೆಲೆಯನ್ನೂ ಕಳೆದು ನೋಡಿ.