ಎರಡು ಡಿಸ್ಕ್ ಕೈಕೊಟ್ಟಾಗ ಅಜ್ಜಿಯ ಧ್ವನಿ ಉಳಿದದ್ದು ಹೇಗೆ?

ಇವತ್ತಿನ ಕಂತು ನನ್ನದೇ ಪೇಚಾಟದಿಂದ ಶುರು. ನನ್ನ ಹಳೇ ರೆಕಾರ್ಡಿಂಗ್‌ಗಳೆಲ್ಲ ಮನೆಯಲ್ಲಿರೋ ಒಂದು ಲಿನಕ್ಸ್ ಕಂಪ್ಯೂಟರ್‌ನಲ್ಲಿವೆ. ನಾಲ್ಕು ಡಿಸ್ಕ್, ತಲಾ 4 ಟಿಬಿ, ಸಾಫ್ಟ್‌ವೇರ್ ರೇಡ್ 5. ತೀರಿಹೋದ ನಮ್ಮಜ್ಜಿ ಜೊತೆ ಆಡಿದ ಎರಡು ಗಂಟೆಯ ಮಾತುಕತೆಯೂ ಅದರಲ್ಲೇ. ಬೇರೆ ಕಾಪಿ ಇರಲಿಲ್ಲ. ಹೌದು, ಬೈಯಿರಿ.

ರೇಡ್ 5 ಡೇಟಾವನ್ನ ತುಂಡು ಮಾಡಿ ಎಲ್ಲ ಡಿಸ್ಕ್‌ಗೂ ಹಂಚುತ್ತೆ, ಜೊತೆಗೆ ಪ್ಯಾರಿಟಿ ಅನ್ನೋ ಲೆಕ್ಕವನ್ನೂ ಬರೆದಿಡುತ್ತೆ. ಒಂದು ಡಿಸ್ಕ್ ಹೋದ್ರೆ ಉಳಿದ ಮೂರರಿಂದ ಕಾಣೆಯಾದದ್ದನ್ನ ಲೆಕ್ಕ ಹಾಕಿ ತೆಗೀಬಹುದು. ಎರಡು ಹೋದ್ರೆ ಲೆಕ್ಕ ಕೂಡಲ್ಲ. ನನಗಾಗಿದ್ದು ಅದೇ. ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಹೊರಬಿದ್ದಿತ್ತು. ಎಚ್ಚರಿಕೆಯ ಮೇಲ್ ಬರೋ ಹಾಗೆ ನಾನು ಸೆಟ್ ಮಾಡಿರಲಿಲ್ಲ. ಆಮೇಲೊಂದು ರಾತ್ರಿ ಇನ್ನೊಂದು.

ಆಗ ಕೈಗೆ ಸಿಕ್ಕ ಕಮಾಂಡ್ ಹೊಡೆಯೋಣ ಅನ್ಸುತ್ತೆ. ಬೇಡ. ಮುಖ್ಯವಾಗಿ ಎಂಡಿಆಡ್ಮ್‌ನ 'ಕ್ರಿಯೇಟ್' ಮುಟ್ಟಲೇಬೇಡಿ. ಅದು ಡಿಸ್ಕ್ ಮೇಲಿನ ಹಳೇ ಗುರುತು ಅಳಿಸಿ ಹೊಸದು ಬರೆಯುತ್ತೆ. ಡಿಸ್ಕ್‌ಗಳ ಕ್ರಮವೋ ತುಂಡಿನ ಗಾತ್ರವೋ ತಪ್ಪಿದ್ರೆ ಒಳಗಿರೋದೆಲ್ಲ ಕಲಸುಮೇಲೋಗರ.

ನಾನು ಮೊದಲು 'ಎಕ್ಸಾಮಿನ್' ಕೊಟ್ಟು ಪ್ರತಿ ಡಿಸ್ಕ್‌ನ ಈವೆಂಟ್ ಕೌಂಟ್ ಬರೆದುಕೊಂಡೆ. ಅರೇಯ ಸ್ಥಿತಿ ಬದಲಾದಾಗೆಲ್ಲ ಏರೋ ಸಂಖ್ಯೆ ಅದು, ಒಂಥರಾ ಹಾಜರಿ ಪುಸ್ತಕ. ಎರಡು ಡಿಸ್ಕ್‌ನಲ್ಲಿ 48213, ಆ ರಾತ್ರಿ ಹೋದದ್ದರಲ್ಲಿ 48209. ತಿಂಗಳುಗಳ ಹಿಂದೆ ಹೋದದ್ದು ಸಾವಿರಗಟ್ಟಲೆ ಹಿಂದಿತ್ತು. ಅದನ್ನ ಸೇರಿಸೋದು ಬಿಸಿ ಅನ್ನಕ್ಕೆ ಹಳಸಿದ ಅನ್ನ ಬೆರೆಸಿದ ಹಾಗೆ. ಪಕ್ಕಕ್ಕಿಟ್ಟೆ.

ನಾಲ್ಕೇ ಹೆಜ್ಜೆ ಹಿಂದಿದ್ದ ಡಿಸ್ಕ್ ಮೇಲೆ ಆಸೆ. ಆದ್ರೆ ಅದು ಓದುವಾಗ ಎಡವುತ್ತಿತ್ತು. ಹೊಸ ಡಿಸ್ಕ್ ತಂದು ಡಿಡಿರೆಸ್ಕ್ಯೂನಿಂದ ನಕಲು ಮಾಡಿದೆ. ಈ ಸಾಫ್ಟ್‌ವೇರ್ ಮೊದಲು ಸಲೀಸಾಗಿ ಬರೋದನ್ನೆಲ್ಲ ಎತ್ಕೊಳ್ಳುತ್ತೆ, ಕೆಟ್ಟ ಜಾಗಗಳಿಗೆ ಕೊನೆಗೆ ಮತ್ತೆ ಬರುತ್ತೆ. ಒಂದೂವರೆ ದಿನ ಹಿಡೀತು. ಕೆಲವು ಕೆಬಿ ಬರಲೇ ಇಲ್ಲ. ನಿಜವಾಗಿ ಮೂರನ್ನೂ ನಕಲು ಮಾಡಬೇಕಿತ್ತು, ದುಡ್ಡಿರಲಿಲ್ಲ.

ಆಮೇಲೆ ನಕಲು ಮತ್ತು ಆ ಎರಡು ಡಿಸ್ಕ್ ಜೋಡಿಸಿ 'ಅಸೆಂಬಲ್', ಜೊತೆಗೆ 'ಫೋರ್ಸ್'. ಅರೇ ಎದ್ದಿತು! ಬರೀ ಓದೋಕೆ ಮಾತ್ರ ಮೌಂಟ್ ಮಾಡಿ, ಮೊದಲು ಅಜ್ಜಿಯ ಫೈಲ್ ಹೊರಗೆ ತೆಗೆದೆ. ಮಧ್ಯದಲ್ಲೊಂದು ಕಡೆ 'ಟಕ್' ಅಂತ ಸದ್ದು, ಅಷ್ಟೇ.

ಅಂದಹಾಗೆ, ತಿಂಗಳುಗಳ ಹಿಂದೆ ಹೊರಬಿದ್ದ ಡಿಸ್ಕ್ ಚೆನ್ನಾಗೇ ಇತ್ತು. ಸಡಿಲವಾಗಿದ್ದದ್ದು ಅದರ ಕೇಬಲ್.